ಬಳೆ ವ್ಯಾಪಾರಿಯ ಕೋಡ್ ರೀಡರ್

“ಸ್ವಾಮಿ, ನನ್ನೊಳಗಿನ ದೋಷ ಏನೆಂದು ಪೂರ್ತಿ ತಿಳಿಯದೆ ಅಪ್ಪನ ಮುಂದೆ ಹೇಗೆ ಹೋಗಿ ನಿಲ್ಲಲಿ?” ಎಂದು ಮರಿದೇವ ಕೇಳಿದ.

ದರ್ಜಿ ಅಂಗಡಿ ನೋಡಿಕೋ ಎಂದ ಅಪ್ಪನ ಮೇಲೆ ರೇಗಿ, ಅಳತೆ ಟೇಪನ್ನು ನೆಲಕ್ಕೆ ಬಿಸಾಡಿ ಮಠ ಸೇರಿದವನು ಅವನು. ಈಗ ಧ್ಯಾನಕ್ಕೆ ಕೂತರೆ ಅಪ್ಪನೇ ಕಣ್ಣಮುಂದೆ ಬರುತ್ತಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಅವಳ ಪಾಲಿಗೆ ತವರೆಂದರೆ ಅವನೊಬ್ಬನೇ. ಪ್ರತಿ ಗೌರಿ ಹಬ್ಬಕ್ಕೂ ಅವಳ ಮನೆಗೆ ತವರಿನ ಬಾಗಿನ ಒಯ್ಯುತ್ತಿದ್ದ. ಒಂದು ವರ್ಷ ಯಾವುದೋ ಮಾತಿಗೆ ಮಾತು ಬೆಳೆದು ಇಬ್ಬರೂ ಮುನಿಸಿಕೊಂಡರು. ಫೋನೂ ನಿಂತಿತು.

ದಿನ ಕಳೆದಂತೆ ಅಣ್ಣನಿಗೆ ಜೀವ ತಡೆಯಲಿಲ್ಲ. ಬಳೆ ತೊಡಿಸಿಕೊಳ್ಳಲು ಯಾವ ಹೆಣ್ಣುಮಗಳು ಕೈ ಚಾಚಿದರೂ ತಂಗಿಯ ಕೈಯೇ ನೆನಪಾಗುತ್ತಿತ್ತು. ಮುಂದಿನ ಗೌರಿಗೆ ಬಾಗಿನ ಹಿಡಿದು ಹೋಗಿಯೇ ತೀರುವುದೆಂದು ನಿಶ್ಚಯಿಸಿದ. ಹೊಸ ಮೊರಗಳನ್ನು ತಂದ, ಬೇಳೆ ಬೆಲ್ಲ ತುಂಬಿದ, ಅವಳ ಅಳತೆಯ ಹಸಿರು ಬಳೆಗಳನ್ನು ಆರಿಸಿ ಇಟ್ಟ.

ಹಬ್ಬ ಹತ್ತಿರವಾದಾಗ ಅವನ ಕಾರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಕಾರೇನೋ ಎಂದಿನಂತೆಯೇ ಓಡುತ್ತಿತ್ತು. ಆದರೂ ಅವನಿಗೆ ದಿಗಿಲಾಯಿತು. ವರ್ಷದ ಮೇಲೆ ತಂಗಿಯ ಮನೆಗೆ ಹೊರಟವನು ನಡುದಾರಿಯಲ್ಲಿ ಕೆಟ್ಟು ನಿಂತರೆ ಏನು ಗತಿ? ಮೆಕ್ಯಾನಿಕ್ ಹೇಳಿದರೆ ಸಾಲದು, ದೋಷವನ್ನು ತಾನೇ ಕಣ್ಣಾರೆ ನೋಡಬೇಕು, ಆಮೇಲೆ ಹೊರಡಬೇಕು ಎಂದುಕೊಂಡ.

ಕಾರಿನ ಬಿಡಿಭಾಗ ಮಾರುವವನು ಬೆಂಕಿಪೊಟ್ಟಣದಷ್ಟಿದ್ದ ಒಂದು ಕೋಡ್ ರೀಡರ್ ತೋರಿಸಿದ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಸಾಕು, ವೈರಿಲ್ಲದೆಯೇ ಕಾರಿನ ದೋಷ ಫೋನಿನಲ್ಲಿ ಕಾಣುತ್ತದೆ.

“ಇದು ಇಂಜಿನ್ನಿಂದು ಮಾತ್ರ ಹೇಳುತ್ತಾ? ಬ್ರೇಕಿಂದು?” ಎಂದು ವ್ಯಾಪಾರಿ ಕೇಳಿದ.

“ನಿಮ್ಮ ದೀಪಕ್ಕೆ ಇದೇ ಧಾರಾಳವಾಯ್ತು ಯಜಮಾನ್ರೇ. ಬ್ರೇಕಿಂದೂ ಬೇಕು ಅಂದ್ರೆ ಬೇರೆ ಐತೆ, ತರಿಸ್ಬೇಕು.”

“ತರಿಸು. ಒಂದೂ ಬಾಕಿ ಇರಬಾರದು.”

ತರಿಸಿದ್ದು ಅವನ ಫೋನಿಗೆ ಹೊಂದಲಿಲ್ಲ. ಹೊಂದುವಂಥದ್ದೊಂದು ದೋಷವನ್ನು ಓದುತ್ತಿತ್ತು, ಅಳಿಸುತ್ತಿರಲಿಲ್ಲ. ಅಳಿಸುವಂಥದ್ದನ್ನು ಕಿಂಡಿಯಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಊಟಕ್ಕೆ ಕೂತಾಗಲೂ ಅವನು ಕಂಡಕಂಡವರ ಅಭಿಪ್ರಾಯ ಓದುತ್ತಿದ್ದ. ಒಂದು ಡಜನ್ ಬಳೆಗೆ ಅರ್ಧ ಅಂಗಡಿ ಇಳಿಸುತ್ತೀರಲ್ಲಮ್ಮ ಎಂದು ಹೆಂಗಸರನ್ನು ರೇಗಿಸುತ್ತಿದ್ದವನು ಇವನೇ.

ಗೌರಿ ಬಂದಳು. ಅವನ ಅಂಗಡಿಯ ತುಂಬ ಅಣ್ಣತಮ್ಮಂದಿರು ನೆರೆದರು. ಅಕ್ಕನಿಗೆ, ತಂಗಿಗೆ ಎಂದು ಬಳೆ ಕಟ್ಟಿಸಿಕೊಂಡು ಬಸ್ಸಿಗೆ ಓಡಿದರು. ಎಲ್ಲರಿಗೂ ಅವನೇ ಕಟ್ಟಿಕೊಟ್ಟ. ಅವರು ಹೋದ ದಾರಿ ನೋಡುತ್ತ ನಿಂತ. ನವರಾತ್ರಿ ಮುಗಿಯುವವರೆಗೂ ಬಾಗಿನ ಕೊಡಬಹುದಲ್ಲ ಎಂದು ಸಮಾಧಾನ ಮಾಡಿಕೊಂಡ.

ಅತ್ತ ನೆರೆಮನೆಯ ಹೆಂಗಸರು ತವರಿನಿಂದ ಬಂದ ರವಿಕೆಬಟ್ಟೆ ತೋರಿಸುತ್ತ ನಿನ್ನದೆಲ್ಲಿ ಎಂದು ಕೇಳಿದಾಗಲೆಲ್ಲ ತಂಗಿ, “ಅಣ್ಣ ಬರ್ತಾನೆ” ಎನ್ನುತ್ತಿದ್ದಳು. ಕಾರಿನ ಸದ್ದಾದರೆ ಹೊರಗೆ ಬಂದು ನೋಡುತ್ತಿದ್ದಳು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ನವರಾತ್ರಿಯೂ ಕಳೆದ ಮೇಲೆ ವ್ಯಾಪಾರಿಗೆ ಮನಸ್ಸಿಗೆ ಒಪ್ಪುವ ಯಂತ್ರ ಸಿಕ್ಕಿತು. ಅದು ಇಂಜಿನ್ನು, ಬ್ರೇಕು, ಏರ್‌ಬ್ಯಾಗು ಎಲ್ಲವನ್ನೂ ಓದಿತು. ಪೆಟ್ರೋಲಿನ ಆವಿ ಸೋರುತ್ತಿದೆ, ಟ್ಯಾಂಕಿನ ಮುಚ್ಚಳ ನೋಡು ಎಂದಿತು. ಅವನು ಇಳಿದು ಮುಚ್ಚಳವನ್ನು ತಿರುವಿದ. ಕಟಕ್ಕೆಂದು ಕೂತಿತು. ದೋಷದ ಕೋಡ್ ಅಳಿಸಿದ, ದೀಪ ಆರಿತು. ಮೊರಗಳನ್ನು ಹಿಂದಿನ ಸೀಟಿನಲ್ಲಿಟ್ಟು ಆಗಲೇ ಹೊರಟ. ದಾರಿಯಲ್ಲಿ ಕಾರು ಒಂದಿಷ್ಟೂ ತೊಂದರೆ ಕೊಡಲಿಲ್ಲ.

ಅಣ್ಣನನ್ನು ಕಂಡು ತಂಗಿಯ ಕಣ್ಣು ತುಂಬಿತು. ಒಳಗೆ ಕರೆದು ಕುಡಿಯಲು ನೀರು ಕೊಟ್ಟಳು. ಅವನು ಮೊರವನ್ನು ಮುಂದೆ ಹಿಡಿದ. ಬಾಗಿನವನ್ನು ಸೆರಗಿನಲ್ಲಿ ಹಿಡಿದುಕೊಳ್ಳುವುದು ಪದ್ಧತಿ. ಅವಳು ಬರಿಗೈಯಲ್ಲೇ ಇಸಿದುಕೊಂಡಳು.

“ಈಗ ಇದು ಬಾಗಿನ ಅಲ್ಲಣ್ಣ, ಬರೀ ಬೇಳೆ ಬೆಲ್ಲ. ಕೂತ್ಕೋ, ಇದರಲ್ಲೇ ಅಡುಗೆ ಮಾಡ್ತೀನಿ” ಎಂದಳು.

ಅಲ್ಲಿಗೆ ಗುರುಗಳು ಕತೆ ಮುಗಿಸಿದರು.

ಮರಿದೇವನಿಗೆ ಆ ತಂಗಿಯ ಬರಿಗೈ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ಮನಸ್ಸು ಬಗ್ಗಲಿಲ್ಲ. “ದೋಷ ತಿಳಿಯದೆ ಹೊರಡುವುದೂ ತಪ್ಪಲ್ಲವೇ, ಸ್ವಾಮಿ?” ಎಂದು ಮೆಲ್ಲಗೆ ಕೇಳಿದ.

“ಈಗ ಹೊರಟರೆ, ನಿಮ್ಮಪ್ಪ ಊಟಕ್ಕೆ ಕೂರುವ ಹೊತ್ತಿಗೆ ಮನೆ ಮುಟ್ಟುತ್ತೀಯಾ?” ಎಂದರು ಗುರುಗಳು.

ಮರಿದೇವ ಎದ್ದು ಬಾಗಿಲ ಬಳಿಯಿದ್ದ ಚಪ್ಪಲಿ ಮೆಟ್ಟಿಕೊಂಡ.