ಗಿಳಿ ಕೆತ್ತಿದ ಮುಚ್ಚಳ

“ಅಜ್ಜಾರ, ತಪ್ಪಾತು ಅಂತ ಹೇಳೋ ಮಾತು ಹೆಂಗಿರಬೇಕ್ರಿ?” ಎಂದು ಅಡಿವೆಪ್ಪ ಮಠದ ಗುರುಗಳನ್ನು ಕೇಳಿದ.

ಅಡಿವೆಪ್ಪ ಶಾಲೆಯ ಮಾಸ್ತರ. ಹದಿನೈದು ವರ್ಷದಿಂದ ಗುರುಗಳ ಹತ್ತಿರ ಬರುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಅವನ ಅಕ್ಕನ ಗಂಡ ತೀರಿಕೊಂಡಾಗ, ಹಿಂದೆಂದೋ ಆ ಭಾವ ಆಡಿದ ಒಂದು ಮಾತಿನ ಸಿಟ್ಟಿಗೆ ಇವನು ಮಣ್ಣಿಗೆ ಹೋಗಲಿಲ್ಲ. ಸಿಟ್ಟು ಇಳಿದ ಮೇಲೆ ಹೋಗಲು ಮುಖವಿರಲಿಲ್ಲ. ಈಗ ಅಕ್ಕನಿಗೆ ಒಂದು ಕಾಗದ ಬರೆಯಬೇಕೆಂದು ಕುಳಿತಿದ್ದ. ಒಂದು ವರ್ಷದಿಂದ ಬರೆಯುತ್ತಲೇ ಇದ್ದ. ಚೀಲದಿಂದ ನೋಟುಬುಕ್ಕು ತೆಗೆದು ತೋರಿಸಿದ. ಅದೇ ಕಾಗದವನ್ನು ಹನ್ನೊಂದು ಸಲ ಬರೆದು ಹನ್ನೊಂದು ಸಲ ಹೊಡೆದು ಹಾಕಿದ್ದ.

“ಇನ್ನೂ ಸರಿ ಕುಂತಿಲ್ರಿ. ಒಮ್ಮೆ ಸೊಕ್ಕಿನ ಮಾತು ಅನಸ್ತೈತಿ, ಒಮ್ಮೆ ಬರೇ ನಾಟಕ ಅನಸ್ತೈತಿ. ಅಕ್ಕ ಓದಿದ್ರ ಆಕಿ ಎದಿ ಹಗುರಾಗಬೇಕು, ಅಂಥಾದ್ದು ಬರೀಬೇಕಂತ ನನಗ.”

ಗುರುಗಳು ನೋಟುಬುಕ್ಕನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಕುಂಡ್ರು,” ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಅವನನ್ನು ಬೈಯುತ್ತೀ, ಬೈದುಬಿಟ್ಟರೆ ಕತೆ ಅವನದಾಗಿ ಹೋಗುತ್ತದೆ.

ಬಾಗಿಲು, ತೊಟ್ಟಿಲು, ದೇವರ ಮಂಟಪಗಳಿಗೆ ಕೆತ್ತನೆ ಮಾಡುವುದು ಅವನ ಕಸುಬು. ಅವನ ಹೆಂಡತಿಗೆ ಉಬ್ಬಸವಿತ್ತು. ಮನೆ ಚಿಕ್ಕದು. ಪಡಸಾಲೆಯಲ್ಲೇ ಕೆಲಸ, ಅದರ ಹಿಂದೆಯೇ ಅಡುಗೆ. ಅವನು ಉಳಿ ಹಿಡಿದು ಕೆತ್ತಿ, ಮರಳು ಕಾಗದದಿಂದ ತಿಕ್ಕುವಾಗ ಏಳುವ ಹುಡಿಗೆ ಅವಳು ಕೆಮ್ಮುತ್ತಿದ್ದಳು. ಅದಕ್ಕಾಗಿಯೇ ಅವನು ಮನೆಯಲ್ಲಿ ಇಟ್ಟುಕೊಳ್ಳುವಂಥ ಒಂದು ಕೆತ್ತನೆಯ ಯಂತ್ರ ಕೊಂಡ. ಊಟದ ಮೇಜಿನಷ್ಟು ದೊಡ್ಡದು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿಕೊಟ್ಟರೆ ಸಣ್ಣ ಉಳಿಯೊಂದು ಗರಗರ ತಿರುಗಿ ಹಲಗೆಯ ಮೇಲೆ ಅದನ್ನು ಕೆತ್ತುತ್ತಿತ್ತು. ಅದರ ಮೇಲೆ ಪೆಟ್ಟಿಗೆಯಂಥ ಪ್ಲಾಸ್ಟಿಕ್ಕಿನ ಮುಚ್ಚಳ, ಪಕ್ಕದಲ್ಲಿ ಹುಡಿಯನ್ನು ಎಳೆದು ಕಿಟಕಿಯಾಚೆ ಬಿಡುವ ಕೊಳವೆ. ಅಂಗಡಿಯವನು ಯಂತ್ರದ ಗುಣಗಾನ ಮಾಡುತ್ತಿದ್ದರೆ ಇವನು ಮುಚ್ಚಳವನ್ನೇ ನಾಲ್ಕು ಸಲ ತೆಗೆದು ಹಾಕಿ ನೋಡಿದ್ದ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಎರಡು ವರ್ಷ ಅವಳು ಚೆನ್ನಾಗಿ ಉಸಿರಾಡಿದಳು.

ಒಂದು ಯುಗಾದಿಯ ಮರುದಿನ ಸಾಗವಾನಿಯ ದಿಮ್ಮಿಯೊಂದು ಅವನ ಕೈಜಾರಿ ಮುಚ್ಚಳದ ಮೇಲೆ ಬಿತ್ತು. ಮುಚ್ಚಳ ಒಡೆದುಹೋಯಿತು. ಆ ಮಾದರಿಯದು ಈಗ ಬರುವುದಿಲ್ಲ, ಪ್ಲೈವುಡ್ಡಿನದು ಒಂದು ಮಾಡಿ ಕೂರಿಸಿಕೊ, ಅರ್ಧ ದಿನದ ಕೆಲಸ ಎಂದು ಅಂಗಡಿಯವನು ಹೇಳಿದ. ಬಡಗಿಗೆ ಅದು ಸರಿಬರಲಿಲ್ಲ.

ಅದಕ್ಕೆ ಒಂದು ಕಾರಣವಿತ್ತು. ಅವನ ಮನೆತನದಲ್ಲಿ ಬೋಳು ಹಲಗೆಯನ್ನು ಮನೆಯಲ್ಲಿ ಬಳಸುವುದಿಲ್ಲ. ಕೂರುವ ಮಣೆಯಿರಲಿ, ರೊಟ್ಟಿ ಬಡಿಯುವ ಹಲಗೆಯಿರಲಿ, ಮೂಲೆಯಲ್ಲಿ ಒಂದು ಹೂವನ್ನಾದರೂ ಕೆತ್ತಿಯೇ ಒಳಗೆ ತರುತ್ತಾರೆ. ಹೆಣ ಮಲಗಿಸುವ ಹಲಗೆಗೆ ಮಾತ್ರ ಅವರು ಉಳಿ ತಾಕಿಸುವುದಿಲ್ಲ. ಅಂಥ ಮನೆಯಲ್ಲಿ, ಹೆಂಡತಿಯ ಉಸಿರು ಕಾಯುವ ಮುಚ್ಚಳಕ್ಕೆ ಬೋಳು ಪ್ಲೈವುಡ್ಡು ಹಾಕುವುದೇ? ತಾನೇ ಮಾಡುತ್ತೇನೆ ಎಂದ. ಸಾಗವಾನಿಯ ಚೌಕಟ್ಟು, ಮೇಲೆ ಗಾಜು, ನಾಲ್ಕು ಮಗ್ಗುಲಿಗೆ ನಾಲ್ಕು ಹಲಗೆ, ಹಲಗೆಗೊಂದು ಜೋಡಿ ಗಿಳಿ. ಅವಳಿಗೆ ಗಿಳಿಯೆಂದರೆ ಇಷ್ಟ.

ಎಂಟು ದಿನ ಕಳೆದ ಮೇಲೆ ಹೆಂಡತಿ ತನ್ನ ಹಳೆಯ ಸೀರೆಯೊಂದನ್ನು ತಂದಳು. ಯಂತ್ರದ ಅಳತೆಗೆ ಎರಡು ಪದರು ಮಾಡಿ ಹೊಲಿದು, ಮೂಲೆಗೆ ಲಾಡಿ ಹಚ್ಚಿದ್ದಳು.

“ನಿಮ್ಮ ಗಿಳಿ ಹಾರಿ ಬರೂತನಕ ಇದನ್ನ ಕಟ್ಟರಿ,” ಎಂದಳು. “ನನಗ ಚಂದಂದು ಬ್ಯಾಡ, ಮುಚ್ಚಿದ್ದು ಬೇಕು.”

ಬಡಗಿ ನಕ್ಕ. “ಬಡಿಗ್ಯಾರ ಮನ್ಯಾಗ ಯಂತ್ರಕ್ಕ ಸೀರಿ ಉಡಸ್ತಿ ಏನ? ಗಿರಾಕಿ ಬಂದ್ರ ಏನಂದಾರು? ಸ್ವಲ್ಪ ತಡಿ. ನಿನ್ನ ಸಲುವಾಗೇ ಮಾಡಾಕತ್ತೀನಿ.”

“ನನ್ನ ಲಗ್ನದಾಗೂ ಇಷ್ಟು ಸಿಂಗಾರ ಇದ್ದಿದ್ದಿಲ್ಲ ಬಿಡ್ರಿ,” ಎಂದು ಅವಳೂ ನಕ್ಕಳು. ಸೀರೆಯನ್ನು ಮಡಿಸಿ ಒಳಗೆ ಒಯ್ದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಅಡಿವೆಪ್ಪ, ಇಲ್ಲಿ ಸ್ವಲ್ಪ ಲಕ್ಷ್ಯ ಕೊಡು. ಆ ಗಿಳಿಗಳನ್ನು ಅವನು ಯಾವುದರಲ್ಲಿ ಕೆತ್ತಿದ? ಅದೇ ಯಂತ್ರದಲ್ಲಿ. ಯಂತ್ರದ ಮೇಲೆ ಮುಚ್ಚಳವಿರಲಿಲ್ಲ. ಮುಚ್ಚಳವಿಲ್ಲದ ಮೇಲೆ ಕೊಳವೆ ಬರೀ ಗಾಳಿ ಎಳೆಯುತ್ತಿತ್ತು. ಮುಚ್ಚಳಕ್ಕೆ ಕೆತ್ತಿದ ಹುಡಿಯೆಲ್ಲ ಮನೆ ತುಂಬಿತು. ಪಾತ್ರೆಯ ಮೇಲೆ ಹುಡಿ, ಹಾಸಿಗೆಯಲ್ಲಿ ಹುಡಿ, ಹಾಲಿನ ಕೆನೆಯ ಮೇಲೂ ಹುಡಿ. ಗಿರಾಕಿಗಳ ಕೆಲಸವನ್ನು ಅವನು ನಿಲ್ಲಿಸಿದ್ದ. ಆ ತಿಂಗಳುಗಳಲ್ಲಿ ಆ ಮನೆಯಲ್ಲಿ ಎದ್ದದ್ದು ಅವಳಿಗಾಗಿ ಮಾಡುತ್ತಿದ್ದ ಮುಚ್ಚಳದ ಹುಡಿಯೊಂದೇ.

ಮೊದಲ ಹಲಗೆಯ ಗಿಳಿಯ ಎದೆಗೆ ಸರಿಯಾಗಿ ಮರದ ಗಂಟು ಬಂತು. ಅದನ್ನು ಬಿಸಾಕಿ ಬೇರೆ ಮಾಡಿದ. ಎರಡನೆಯದರಲ್ಲಿ ಗಿಳಿ ಕಾಗೆಯಂತೆ ಕಂಡಿತು. ಅದನ್ನೂ ಬಿಸಾಕಿದ. ಶ್ರಾವಣದ ಹೊತ್ತಿಗೆ ಎರಡು ಹಲಗೆ ಆದವು. ನೋಡಿದವರು ಹೊಗಳಿದರು. ಹೊಗಳಿದ ಮೇಲೆ ಉಳಿದೆರಡು ಇನ್ನೂ ಚೆನ್ನಾಗಿ ಆಗಬೇಕಲ್ಲ.

ಹೆಂಡತಿ ಹಾಸಿಗೆಯನ್ನು ಅಡುಗೆಮನೆಗೆ ಒಯ್ದಳು. ಅಲ್ಲಿಂದ ಹಿತ್ತಲಿಗೆ ಒಯ್ದಳು. ಮಳೆ ಬಂದಾಗ ಮತ್ತೆ ಒಳಗೆ ತಂದಳು. ಡಾಕ್ಟರು ಬಡಗಿಯನ್ನು ಪಕ್ಕಕ್ಕೆ ಕರೆದು, ಇವರು ಹುಡಿಯಲ್ಲಿ ಇರಬಾರದು ಎಂದರು. “ಅದರ ಸಲುವಾಗೇ ಹಗಲೂ ರಾತ್ರೀ ದುಡ್ಯಾಕತ್ತೀನ್ರಿ ಸಾಹೇಬ್ರ,” ಎಂದ ಅವನು. ಸುಳ್ಳು ಹೇಳಲಿಲ್ಲ. ಅದೇ ನನಗೆ ಸಂಕಟ. ಸುಳ್ಳನಾಗಿದ್ದರೆ ಎಂದಾದರೂ ಒಂದು ದಿನ ಸಿಕ್ಕಿಬೀಳುತ್ತಿದ್ದ.

ದೀಪಾವಳಿ ಕಳೆದು ಒಂದು ವಾರ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಕೊನೆಯ ಹಲಗೆಯ ಕೊನೆಯ ಗಿಳಿ, ಕೊಕ್ಕು ಒಂದು ಉಳಿದಿತ್ತು. ಯಂತ್ರ ಎಷ್ಟೇ ಸದ್ದು ಮಾಡಿದರೂ ಅದನ್ನು ಮೀರಿ ಒಳಗಿನ ಕೆಮ್ಮು ಅವನಿಗೆ ದಿನವೂ ಕೇಳುತ್ತಿತ್ತು. ಅಂದು ಕೇಳಲಿಲ್ಲ. ಇವತ್ತು ಆಕೆಗೆ ಆರಾಮ ಇದೆ ಅನ್ನಿಸುತ್ತದೆ ಎಂದುಕೊಂಡ. ಅವನಿಗೆ ಸಂತೋಷವಾಯಿತು. ಅದೇ ಸಂತೋಷದಲ್ಲಿ ಕೊಕ್ಕು ಮುಗಿಸಿದ. ಯಂತ್ರ ನಿಲ್ಲಿಸಿ, ಹಲಗೆಯನ್ನು ಎತ್ತಿಕೊಂಡು, ಅವಳಿಗೆ ತೋರಿಸಲು ಒಳಗೆ ಹೋದ.

ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ತೆರೆದೇ ಇತ್ತು. ಉಸಿರು ಇರಲಿಲ್ಲ.

ಆ ಮಧ್ಯಾಹ್ನ ಅವನ ಮನೆಯೊಳಗೆ ಬೋಳು ಹಲಗೆ ಬಂತು. ಯಾರೋ ತಂದು ಹಾಸಿದರು. ಅವನು ತನ್ನ ಕೈಯಿಂದ ಅವಳನ್ನು ಅದರ ಮೇಲೆ ಮಲಗಿಸಿದ.

ಸಾವಿನ ದಿನಕರ್ಮಗಳೆಲ್ಲ ಮುಗಿದ ಮೇಲೆ ಅವನು ಮುಚ್ಚಳ ಜೋಡಿಸಿದ. ಅಳತೆ ಒಂದು ಕೂದಲೂ ತಪ್ಪಿರಲಿಲ್ಲ. ಯಂತ್ರ ನಡೆಸಿ ನೋಡಿದ. ಒಂದು ಕಣ ಹುಡಿ ಹೊರಗೆ ಬರಲಿಲ್ಲ. ಊರಿನವರು ಬಂದು ನೋಡಿ ಹೋದರು. ಇಂಥ ಕೆಲಸ ಎಲ್ಲಿಯೂ ಕಂಡಿಲ್ಲ ಎಂದರು. ಅವನು ಬರೀ ಹೂಂಗುಟ್ಟಿದ. ಯಾರೂ ಇಲ್ಲದಾಗ ಗೋಡೆಯ ಗೂಡಿನಲ್ಲಿ, ಡಬ್ಬಿಗಳ ಮೇಲೆ, ಅವಳು ಒರಗಿದ್ದ ಗೋಡೆಯ ಮೇಲೆ ಬೆರಳಿಂದ ಎಳೆದು ನೋಡುತ್ತಿದ್ದ. ಮನೆ ಸ್ವಚ್ಛವಾಗಿತ್ತು.

ಒಂದು ದಿನ ಅವಳ ಬಟ್ಟೆಗಳನ್ನು ಅವಳ ತಂಗಿಗೆ ಕೊಡಬೇಕೆಂದು ಟ್ರಂಕು ತೆರೆದ. ಎಲ್ಲಕ್ಕಿಂತ ಮೇಲೆಯೇ ಆ ಸೀರೆ ಇತ್ತು. ಎರಡು ಪದರಿನದು ಈಗ ನಾಲ್ಕು ಪದರು ಆಗಿತ್ತು. ಮುಂದಿನ ಮಗ್ಗುಲಿಗೆ, ಅವನು ಬಗ್ಗಿ ಒಳಗೆ ನೋಡುವ ಜಾಗದಲ್ಲಿ, ಒಂದು ಪ್ಲಾಸ್ಟಿಕ್ಕಿನ ತುಂಡನ್ನು ಕಿಟಕಿಯ ಹಾಗೆ ಹೊಲಿದಿದ್ದಳು. ಅದರ ಮೂಲೆಯಲ್ಲಿ ಹಸಿರು ದಾರದಿಂದ ಒಂದು ಸಣ್ಣ ಹೂವು ಹಾಕಿದ್ದಳು, ಬೋಳಾಗಿ ಇರಬಾರದೆಂದು.

ಯಾವಾಗ ಹೊಲಿದಳೋ ಅವನಿಗೆ ಗೊತ್ತಿಲ್ಲ. ಹಿತ್ತಲಲ್ಲಿ ಕುಳಿತು ಹೊಲಿದಿರಬೇಕು. ಇನ್ನೊಮ್ಮೆ ಕೇಳಬೇಕೆಂದು ಎಷ್ಟು ಸಲ ಎದ್ದು ಬಂದು, ಅವನು ಕೊಕ್ಕಿನ ಮೇಲೆ ಕಣ್ಣಿಟ್ಟು ಕುಳಿತದ್ದನ್ನು ನೋಡಿ ಹಿಂದೆ ಹೋದಳೋ.

ಅವನು ಕೆತ್ತಿದ ಮುಚ್ಚಳವನ್ನು ಇಳಿಸಿ ಕೆಳಗಿಟ್ಟ. ಸೀರೆಯನ್ನು ಯಂತ್ರದ ಮೇಲೆ ಹೊದಿಸಿ ನಾಲ್ಕು ಲಾಡಿಗಳನ್ನೂ ಕಟ್ಟಿದ. ಯಂತ್ರ ನಡೆಸಿ, ಪಕ್ಕದಲ್ಲಿ ಒಂದು ತಟ್ಟೆ ನೀರು ಇಟ್ಟು ಕಾದ. ಒಂದು ತಾಸು ಕಾದ. ಹುಡಿ ಸೀರೆಯ ಒಳಗೇ ಉಳಿಯಿತು. ತಟ್ಟೆಯ ನೀರು ತಿಳಿಯಾಗಿತ್ತು. ಅವನು ತಟ್ಟೆಯ ಮುಂದೆ ಕುಳಿತು ಅತ್ತ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹತ್ತಿರವಿದ್ದ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

ಅಡಿವೆಪ್ಪ ನೋಟುಬುಕ್ಕನ್ನು ತೆರೆದು, ಮೆಲ್ಲಗೆ, “ತಿಳೀತ್ರಿ ಅಜ್ಜಾರ. ಇವತ್ತ ಕುಂತು ಇದನ್ನ ಮುಗಿಸಿಬಿಡ್ತೀನಿ,” ಎಂದ.

ಗುರುಗಳು ಕೈಚಾಚಿ ನೋಟುಬುಕ್ಕನ್ನು ಮುಚ್ಚಿದರು.

“ನಿಮ್ಮಕ್ಕನ ಊರಿಗೆ ಬಸ್ಸು ಎಷ್ಟ ಗಂಟೆಕ್ಕ ಐತಿ?”

ನಾಲ್ಕು ವರ್ಷದಲ್ಲಿ ಅದೊಂದನ್ನು ಅಡಿವೆಪ್ಪ ಯಾರನ್ನೂ ಕೇಳಿರಲಿಲ್ಲ.