ಐವತ್ತೆಂಟನೆಯ ಪಿಯಾನೊ

ಸಂಗೀತ ನಿರ್ದೇಶಕರೊಬ್ಬರ ಮೇಜಿನ ಮೇಲೆ ಹಾಡು ನುಡಿಸುವ ಒಂದು ಕೀಬೋರ್ಡೂ ಕಂಪ್ಯೂಟರಿನ ಒಂದು ಮೌಸೂ ಇದ್ದವು. ಕೀಬೋರ್ಡಿಗೆ ಸ್ವಂತ ದನಿಯಿರಲಿಲ್ಲ. ಕಂಪ್ಯೂಟರಿನೊಳಗೆ ಹಲವು ಪಿಯಾನೊಗಳ ದನಿಗಳಿದ್ದವು; ಮೌಸ್ ಯಾವುದನ್ನು ಆರಿಸುತ್ತದೋ ಆ ದನಿಯಲ್ಲೇ ಕೀಬೋರ್ಡು ನುಡಿಯಬೇಕಿತ್ತು. ಸಂಜೆ ಗಾಯಕಿ ಸುಗುಣಾ ಬರುವಷ್ಟರಲ್ಲಿ ಹಾಡು ಸಿದ್ಧವಾಗಬೇಕು.

ಮೌಸ್ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ. ಒಂದು ಪಿಯಾನೊ ತೆರೆಯುವುದು, ನಡುವಿನ ಬಿಳಿ ಕೀಗೆ "ನುಡಿ" ಎನ್ನುವುದು, ಕೇಳಿ "ಇದು ತೀರಾ ಒಣಕಲು" ಎಂದು ಮುಂದಿನದಕ್ಕೆ ಓಡುವುದು.

"ಅಯ್ಯಾ, ಇದು ನಲವತ್ತನೆಯದು," ಎಂದಿತು ಬಿಳಿ ಕೀ. "ಪ್ರತಿ ಸಲವೂ ನನ್ನೊಬ್ಬನನ್ನೇ ನುಡಿಸುತ್ತೀಯೆ. ಅಕ್ಕಪಕ್ಕದವರ ಮೇಲೆ ಧೂಳು ಕೂತಿದೆ. ಒಂದು ಸಾಲು ಹಾಡನ್ನೇ ನುಡಿಸಿ ನೋಡಬಾರದೆ?"

"ಹಾಡು ಆಮೇಲೆ. ಮೊದಲು ದನಿ ಸಿಗಲಿ."

ಸುಗುಣಾ ಮೆಟ್ಟಿಲು ಹತ್ತುವ ಹೊತ್ತಿಗೆ ಐವತ್ತೇಳನೆಯ ಪಿಯಾನೊ ಮೌಸಿಗೆ ಹಿಡಿಸಿತು. "ಸಿಕ್ಕಿತು. ಈಗ ಹಾಡು ಶುರುಮಾಡಿ," ಎಂದಿತು.

ಅಕ್ಕಪಕ್ಕದ ಕೀಗಳು ಧೂಳು ಕೊಡವಿಕೊಂಡು ಸೊಗಸಾಗಿ ನುಡಿದವು. ಹಾಡಿನ ಸಾಲು ಬಂದು ನಿಲ್ಲಬೇಕಾದದ್ದು ನಡುವಿನ ಬಿಳಿ ಕೀಯ ಮೇಲೆ. ಪ್ರತಿ ಪಿಯಾನೊಗೂ ತಾನೊಂದೇ ನುಡಿದು ನುಡಿದು ಸವೆದಿದ್ದ ಅದು ಸದ್ದಿಲ್ಲದೆ ಒಳಗೆ ಕುಸಿದು ಅಲ್ಲೇ ಉಳಿಯಿತು.

ಬಾಗಿಲು ತೆರೆದ ಸದ್ದಾಯಿತು.

"ಈ ಪಿಯಾನೊ ಸರಿಯಿಲ್ಲ," ಎಂದು ಮೌಸ್ ಐವತ್ತೆಂಟನೆಯದನ್ನು ತೆರೆಯಿತು.