ಗುಣವಾದ ಇಲಿ

ಪ್ರಯೋಗಾಲಯದಲ್ಲಿ ಮಿದುಳಿಗೆ ಪೆಟ್ಟು ಕೊಟ್ಟು ಮದ್ದು ಚುಚ್ಚಿದ್ದ ಇಲಿಯೊಂದು ಮತ್ತೆ ನೆಟ್ಟಗೆ ನಡೆದು, ಅಡ್ಡಗೋಡೆಗಳ ನಡುವೆ ಇಟ್ಟಿದ್ದ ಶೇಂಗಾ ಬೀಜವನ್ನು ಹುಡುಕಿ ತೆಗೆಯಿತು.

“ಶಹಬ್ಬಾಸ್,” ಎಂದಿತು ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕ. “ನಿನ್ನ ಮಿದುಳಿನಲ್ಲಿ ಹೊಸ ಜೀವಕೋಶಗಳು ಬೆಳೆದಿರಬೇಕು. ನಾಳೆ ನೋಡುತ್ತೇನೆ.”

“ನಾಳೆ ಯಾಕಣ್ಣ? ಇಲ್ಲೇ ಇದ್ದೇನಲ್ಲ, ಈಗಲೇ ನೋಡು.”

“ಹಾಗೆ ಕಾಣುವುದಿಲ್ಲ ತಮ್ಮ. ಮಿದುಳನ್ನು ತೆಗೆದು, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಡಬೇಕು.”

ಇಲಿ ಬೀಜವನ್ನು ಕೆಳಗಿಟ್ಟಿತು. “ಗುಣವಾಗದಿದ್ದರೆ?”

“ಆಗಲೂ ಕೊಯ್ಯುತ್ತಾರೆ. ಹೋಲಿಸಿ ನೋಡಬೇಕಲ್ಲ? ಎಲ್ಲ ಮನುಷ್ಯರ ಒಳ್ಳೆಯದಕ್ಕೆ.”

“ಹಾಗಾದರೆ ಶಹಬ್ಬಾಸ್ ಅವರಿಗೆ ಹೇಳು, ನನಗಲ್ಲ.”

ಮರುದಿನ ಸೂಕ್ಷ್ಮದರ್ಶಕ ಗಾಜಿನ ಮೇಲಿನ ಚೂರನ್ನು ನೋಡಿ, “ಎಷ್ಟು ಚೆನ್ನಾಗಿ ಬೆಳೆದಿವೆ,” ಎಂದಿತು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಕ್ಕದ ಪಂಜರದಲ್ಲಿದ್ದ ಮೊಲ ಹಿಂದಿನ ದಿನದ ಮಾತುಗಳಂತೆ ಇದನ್ನೂ ಕೇಳಿಸಿಕೊಂಡಿತು.

ಸಂಜೆ ವೈದ್ಯರು ಮೊಲದ ಪಟ್ಟಿ ಬಿಚ್ಚಿ, ಒಳ್ಳೆಯ ಕಣ್ಣನ್ನು ಮುಚ್ಚಿ, ಕೊಯ್ದ ಕಣ್ಣಿನ ಮುಂದೆ ಗಜ್ಜರಿ ಆಡಿಸಿದರು. ಹಸಿದಿದ್ದ ಮೊಲ ಕಿವಿಯನ್ನೂ ಅಲುಗಿಸಲಿಲ್ಲ. ವೈದ್ಯರು ಮುಖ ಸಣ್ಣದು ಮಾಡಿಕೊಂಡು ಹೋದರು.

“ನಿನಗೆ ಕಾಣಿಸಲಿಲ್ಲವೇ?” ಎಂದು ಸೂಕ್ಷ್ಮದರ್ಶಕ ಕೇಳಿತು.

“ಕಾಣಿಸಿತು,” ಎಂದಿತು ಮೊಲ. “ಹೇಗೂ ಕೊಯ್ದೇ ನೋಡುತ್ತೀರಲ್ಲ. ನಾನೇಕೆ ಮೊದಲೇ ಹೇಳಲಿ?”